ಅಟ್ಯಾಚ್‌ಮೆಂಟ್ ಏನೋ ಸಿಕ್ತು, ಆಮೇಲೆ?

ಮೆಲ್ಬರ್ನ್‌ಗೆ ಬಂದಿರೋ ನಮ್ಮೋರಲ್ಲಿ ಊರಲ್ಲಿ ಸೀರಿಯಲ್ಲು, ಸಿನಿಮಾ ಅಂತ ಕೆಲಸ ಮಾಡಿದೋರು ಅಲ್ಲೊಬ್ರು ಇಲ್ಲೊಬ್ರು ಸಿಕ್ತಾನೇ ಇರ್ತಾರೆ, ಈಗೇನ್ ಮಾಡ್ತಿದೀರ ಅಂದ್ರೆ ವೇರ್‌ಹೌಸು, ಏಜ್ಡ್ ಕೇರು, ಊಬರ್ರು. ಇಲ್ಲಿನ ಇಂಡಸ್ಟ್ರಿ ಒಳಗೆ ಹೋಗೋಕೆ ಆಗುತ್ತಾ ಅಂತ ಎಲ್ರೂ ಕೇಳ್ತಾರೆ, ಒಬ್ಬೊಬ್ರಿಗೂ ಫೋನಲ್ಲಿ ಉದ್ದಕ್ಕೆ ಹೇಳಿ ಹೇಳಿ ಸಾಕಾಗಿ ಈಗ ಬರೆದೇ ಬಿಡೋಣ ಅಂತ ಕೂತಿದೀನಿ. ಒಳಗೆ ಹೋಗೋದು ಆಗುತ್ತೆ, ಅದಕ್ಕೆ ಅಟ್ಯಾಚ್‌ಮೆಂಟ್ ಅಂತ ಸಂಬಳ ಕೊಟ್ಟು ಕಲಿಸೋ ಒಂದು ದಾರಿ ಇದೆ. ಒಳಗೆ ಉಳ್ಕೊಳೋದೇ ಬೇರೆ ಕಥೆ, ಅದನ್ನ ಯಾರೂ ಮೊದಲೇ ಹೇಳಲ್ಲ.

ನಾನು ಶಿವಮೊಗ್ಗದ ಕಡೆಯವಳು. ಬೆಂಗಳೂರಲ್ಲಿ ಡೈಲಿ ಸೀರಿಯಲ್‌ಗಳಲ್ಲಿ ಅಸಿಸ್ಟೆಂಟ್ ಆಗಿ ಸೇರ್ಕೊಂಡು ಅಸೋಸಿಯೇಟ್ ತನಕ ಬಂದಿದ್ದೆ. ಡೈಲಿ ಅಂದ್ರೆ ಗೊತ್ತಲ್ಲ, ದಿನಕ್ಕೊಂದು ಎಪಿಸೋಡ್ ಮುಗೀಲೇಬೇಕು, ಸ್ಕ್ರಿಪ್ಟು ಎಷ್ಟೋ ಸಲ ಬೆಳಿಗ್ಗೆ ವಾಟ್ಸಾಪಲ್ಲಿ ಬರುತ್ತೆ, ಕ್ಯಾಮೆರಾ ಪಕ್ಕ ನಿಂತು ಪ್ರಾಂಪ್ಟಿಂಗ್ ಮಾಡೋರು ನಾವೇ, ಕಂಟಿನ್ಯುಟಿ ನೋಡೋರೂ ನಾವೇ, ಹಿಂದಿನ ಸೀನಲ್ಲಿ ಅತ್ತೆ ಪಾತ್ರದ ಬಳೆ ಹಸಿರೋ ಕೆಂಪೋ ಅಂತ ಮೊಬೈಲಲ್ಲಿ ಫೋಟೋ ಹುಡುಕೋದೂ ನಾವೇ, ಊಟ ಲೇಟಾದ್ರೆ ಬೈಸ್ಕೊಳೋದೂ ನಾವೇ. ಮದುವೆ ಆಗಿ ಇಲ್ಲಿಗೆ ಬಂದ್ಮೇಲೆ ಅದಷ್ಟೂ ಅನುಭವ ಸಿವಿಯಲ್ಲಿ ಒಂದು ಸಾಲು ಆಯ್ತು. ಓದಿದೋರಿಗೆ ಆ ಸೀರಿಯಲ್ ಹೆಸರುಗಳು ಗೊತ್ತಿಲ್ಲ, ಆ ಚಾನೆಲ್‌ಗಳು ಗೊತ್ತಿಲ್ಲ, ರೆಫರೆನ್ಸ್ ಕೊಡೋ ಡೈರೆಕ್ಟರ್ ಬೆಂಗಳೂರಲ್ಲಿ ಸೆಟ್ಟಲ್ಲಿದ್ದಾಗ ಇಲ್ಲಿಂದ ಬರೋ ಫೋನ್ ಎತ್ತಲ್ಲ. ಅಲ್ಲಿಗೆ ನಾನು ಹೊಸಬಳು.

ಮೊದಲನೇ ಅಡ್ಡಿ ವೀಸಾ. ಸಿನಿಮಾ ಟೀವಿಗೆ ದುಡ್ಡು ಕೊಡೋ ಕೇಂದ್ರ ಸರ್ಕಾರದ ಸ್ಕ್ರೀನ್ ಆಸ್ಟ್ರೇಲಿಯಾ ಇರ್ಲಿ, ನಮ್ಮ ರಾಜ್ಯದ ವಿಕ್‌ಸ್ಕ್ರೀನ್ ಇರ್ಲಿ, ಸರ್ಕಾರದ ದುಡ್ಡಿನ ಸ್ಕೀಮ್ ಅಂದ್ರೆ ಬಹುತೇಕ ಸಿಟಿಜನ್ ಅಥವಾ ಪಿಆರ್ ಆಗಿರ್ಬೇಕು, ಹಾಗಾಗಿ ಪಿಆರ್ ಬರೋ ತನಕ ಸೂಪರ್‌ಮಾರ್ಕೆಟಲ್ಲಿ ಶೆಲ್ಫ್ ತುಂಬಿಸ್ತಾ ಕಾದೆ. ಎರಡನೇದು ಲೈಸೆನ್ಸು. ನಗಬೇಡಿ, ಟ್ಯಾಲೆಂಟ್‌ಗಿಂತ ಇದು ದೊಡ್ಡದು. ಕಾಲ್ ಟೈಮ್, ಅಂದ್ರೆ ಸೆಟ್ಟಲ್ಲಿ ಇರ್ಬೇಕಾದ ಹೊತ್ತು, ಬೆಳಿಗ್ಗೆ ಆರೂವರೆ ಆದ್ರೆ ನಾವಿರೋ ಟಾರ್ನೀಟಿಂದ ಊರಿನ ಆ ಕಡೆ ಡ್ಯಾಂಡೆನಾಂಗ್ ಬೆಟ್ಟದ ಕಡೆ ಇರೋ ಲೊಕೇಶನ್‌ಗೆ ಯಾವ ಟ್ರೈನೂ ಹೋಗಲ್ಲ, ಇಂಡಿಯಾ ಲೈಸೆನ್ಸ್ ತೋರಿಸಿದ್ರೆ ಹಾಗೇ ವಿಕ್ಟೋರಿಯಾ ಲೈಸೆನ್ಸ್ ಕೊಡಲ್ಲ, ಇಲ್ಲಿ ಟೆಸ್ಟ್ ಪಾಸ್ ಮಾಡ್ಬೇಕು, ಆಮೇಲೆ ಸ್ವಂತ ಕಾರು, ಅದರ ಇನ್ಶೂರೆನ್ಸು, ಮಗು ಇದ್ರೆ ಬೆಳಿಗ್ಗೆ ಐದು ಗಂಟೆಗೆ ಯಾವ ಚೈಲ್ಡ್‌ಕೇರ್ ತೆಗ್ದಿರುತ್ತೆ ಹೇಳಿ. ಡೈವರ್ಸಿಟಿ ಬಗ್ಗೆ ಎಷ್ಟೋ ಪ್ಯಾನೆಲ್‌ಗಳಿಗೆ ಹೋಗಿದೀನಿ, ಚೈಲ್ಡ್‌ಕೇರ್ ಬಗ್ಗೆ ಮಾತಾಡಿದ್ದು ತೀರಾ ಕಮ್ಮಿ. ನಮ್ಮನೆಯವರ ಕೆಲಸ ಮನೆಯಿಂದಾನೇ ಆಗಿದ್ದಕ್ಕೆ ನಾನು ಬಚಾವ್.

ಈ ಅಟ್ಯಾಚ್‌ಮೆಂಟ್ ಅನ್ನೋದು ಏನು ಅಂದ್ರೆ, ಒಂದು ಸಿನಿಮಾನೋ ಟೀವಿ ಡ್ರಾಮಾನೋ ನಡೀತಿರುವಾಗ ಒಂದು ಡಿಪಾರ್ಟ್‌ಮೆಂಟಿನ ಹೆಡ್ ಜೊತೆ ನಿಮ್ಮನ್ನ ಕೂರಿಸ್ತಾರೆ, ನೀವು ನೋಡಿ ಕಲೀತೀರ, ಒಂದಿಷ್ಟು ಕೆಲಸಾನೂ ಮಾಡ್ತೀರ, ಸಂಬಳ ಇರುತ್ತೆ. ದುಡ್ಡು ಎಷ್ಟೋ ಸಲ ಫಂಡಿಂಗ್ ಏಜೆನ್ಸಿಯಿಂದ ಬರುತ್ತೆ, ಪ್ರೊಡಕ್ಷನ್‌ಗೆ ಫಂಡಿಂಗ್ ಕೊಡುವಾಗಲೇ ಇಷ್ಟು ಜನ ಹೊಸಬರನ್ನ ಸೇರಿಸ್ಕೊಳಿ ಅಂತ ಮಾತಾಗಿರುತ್ತೆ. ಇದಕ್ಕೆಲ್ಲ ಹಿಂದೆ ಒಂದು ಲೆಕ್ಕ ಇದೆ. 2016ರಲ್ಲಿ ಸ್ಕ್ರೀನ್ ಆಸ್ಟ್ರೇಲಿಯಾ ಒಂದು ರಿಪೋರ್ಟ್ ಬಿಡ್ತು, 2011ರಿಂದ 2015ರ ತನಕ ಬಂದ 199 ಟೀವಿ ಡ್ರಾಮಾ ನೋಡಿ ಮುಖ್ಯ ಪಾತ್ರಗಳನ್ನ ಎಣಿಸಿದ್ರು. ಆಂಗ್ಲೋ ಸೆಲ್ಟಿಕ್, ಅಂದ್ರೆ ಬ್ರಿಟಿಷ್ ಐರಿಷ್ ಮೂಲ, ಅಲ್ಲದ ಹಿನ್ನೆಲೆಯ ಪಾತ್ರಗಳು ಶೇ 18, ಜನಸಂಖ್ಯೆಯಲ್ಲಿ ಅಂಥೋರು ಶೇ 32. ಅಂಗವೈಕಲ್ಯ ಇರೋ ಪಾತ್ರಗಳು ಶೇ 4, ನಿಜ ಜೀವನದಲ್ಲಿ ಶೇ 18ರ ಹತ್ರ. ಬೀದೀಲಿ ಕಾಣೋ ಜನಕ್ಕೂ ಟೀವೀಲಿ ಕಾಣೋ ಜನಕ್ಕೂ ಸಂಬಂಧ ಇಲ್ಲ ಅಂತ ಎಲ್ರಿಗೂ ಗೊತ್ತಿದ್ದದ್ದೇ, ಆದ್ರೆ ನಂಬರ್ ಬಂದ್ಮೇಲೆ ಬಾಯಿ ಮುಚ್ಚಿಸೋಕೆ ಆಗಲ್ವಲ್ಲ. ಅದಾದ್ಮೇಲೆ ಇಂಥ ಸ್ಕೀಮ್‌ಗಳು ಜಾಸ್ತಿ ಆದ್ವು, ಇಲ್ಲಿನ ಬಹುಭಾಷಾ ಸರ್ಕಾರಿ ಚಾನೆಲ್ ಎಸ್‌ಬಿಎಸ್ ಕೂಡ ರಾಜ್ಯದ ಏಜೆನ್ಸಿಗಳ ಜೊತೆ ಸೇರಿ ಹೊಸ ಬರಹಗಾರರಿಗೆ ಅಂತಾನೇ ಪ್ರೋಗ್ರಾಂ ಶುರು ಮಾಡ್ತು.

ನಾನು ಹಾಕಿದ್ದು ಸ್ಕ್ರಿಪ್ಟ್ ಸೂಪರ್‌ವೈಸರ್ ಕೆಲಸದ ಅಟ್ಯಾಚ್‌ಮೆಂಟ್‌ಗೆ, ಹಳಬರು ಇನ್ನೂ ಕಂಟಿನ್ಯುಟಿ ಅಂತಾನೇ ಅಂತಾರೆ. ಅಪ್ಲಿಕೇಶನ್‌ನಲ್ಲಿ ಒಂದು ಪುಟ ನಿಮ್ಮ ಬಗ್ಗೆ ಬರೀಬೇಕು. ಮೊದಮೊದಲು ನಾನು ಬರೀತಿದ್ದಿದ್ದು ಬೇರೆ ದೇಶದಿಂದ ಬಂದೆ, ಕಷ್ಟ ಪಟ್ಟೆ, ನಮ್ಮ ಜನರ ಕಥೆ ತೆರೆ ಮೇಲೆ ಬರ್ಬೇಕು ಅಂತ. ಎಲ್ಲೂ ಆಯ್ಕೆ ಆಗ್ಲಿಲ್ಲ. ಇದಕ್ಕೆ ಅಂತ ಬರೆದಾಗ ಅದನ್ನೆಲ್ಲ ಎರಡು ಸಾಲಿಗೆ ಇಳಿಸಿ, ಒಂದು ಡೈಲಿಯಲ್ಲಿ ಮದುವೆ ಮನೆ ಸೀಕ್ವೆನ್ಸ್ ಎಪಿಸೋಡ್‌ಗಟ್ಟಲೆ ನಡೆದಾಗ ಎಲ್ಲಾ ಪಾತ್ರಗಳ ಸೀರೆ, ಒಡವೆ, ಹೂವು, ಯಾರ ಕೈಲಿ ಯಾವ ತಟ್ಟೆ ಅಂತ ಹೇಗೆ ಟ್ರ್ಯಾಕ್ ಮಾಡಿದೆ ಅನ್ನೋದನ್ನ ವಿವರವಾಗಿ ಬರೆದೆ, ಆಗ ಇಟ್ಕೊಂಡಿದ್ದ ಚಾರ್ಟಿನ ಫೋಟೋನೂ ಹಾಕಿದೆ. ಇಂಟರ್‌ವ್ಯೂ ಪೂರ್ತಿ ಆ ಚಾರ್ಟ್ ಬಗ್ಗೇನೇ ಮಾತು. ನನ್ನ ಹೆಡ್ ಆಗೋಳು, ಅರವತ್ತರ ಹತ್ರದ ಹೆಂಗಸು, ಈ ಚಾರ್ಟಿಗೆ ಅಂತ ನಿಂಗೆ ಬೇರೆ ಸಂಬಳ ಕೊಡ್ತಿದ್ರಾ ಅಂತ ಕೇಳಿದ್ಳು. ಇಲ್ಲ ಅಂದೆ. ಜೋರಾಗಿ ನಕ್ಕಳು. ಕೆಲಸ ಸಿಕ್ತು ಅಂತ ಆಗ್ಲೇ ಗೊತ್ತಾಯ್ತು.

ಕೆಲಸ ಶುರು ಆಗೋದು ಶೂಟಿಂಗ್‌ಗಿಂತ ಎಷ್ಟೋ ಮುಂಚೆ. ಸ್ಕ್ರಿಪ್ಟ್ ಇಟ್ಕೊಂಡು, ಸ್ಟಾಪ್‌ವಾಚ್ ಹಿಡ್ಕೊಂಡು, ಪ್ರತಿ ಸೀನನ್ನ ಮನಸ್ಸಲ್ಲಿ ನಟಿಸ್ತಾ ಎಷ್ಟು ನಿಮಿಷ ಎಷ್ಟು ಸೆಕೆಂಡ್ ಆಗುತ್ತೆ ಅಂತ ಬರೀಬೇಕು. ಬರೀ ಡೈಲಾಗ್ ಓದಿದ್ರೆ ಸಾಲಲ್ಲ, ಆ ಪಾತ್ರ ಬಾಗಿಲು ತೆಗೆದು ಚಪ್ಪಲಿ ಬಿಟ್ಟು ಒಳಗೆ ಬಂದು ಕೂರೋಷ್ಟು ಟೈಮೂ ಸೇರಬೇಕು. ನಾನು ಮನೆ ಹಾಲಲ್ಲಿ ಎದ್ದು ಓಡಾಡಿ ಟೈಮ್ ಮಾಡ್ತಿದ್ದೆ, ನಮ್ಮನೆಯವರು ಮೀಟಿಂಗಲ್ಲಿ ಕ್ಯಾಮೆರಾ ಆಫ್ ಮಾಡ್ಕೋತಿದ್ರು. ಆಮೇಲೆ ಕಥೇಲಿ ಯಾವ ದಿನ ಏನಾಗುತ್ತೆ ಅಂತ ಬ್ರೇಕ್‌ಡೌನ್. ಸೆಟ್ಟಲ್ಲಿ ಪ್ರತಿ ಟೇಕ್‌ಗೂ ಲೆನ್ಸು, ಅವಧಿ, ಡೈರೆಕ್ಟರ್‌ಗೆ ಯಾವುದು ಇಷ್ಟ ಆಯ್ತು, ಯಾವ ಮಾತಿಗೆ ನಟ ಕಪ್ ಎತ್ತಿದ, ಯಾವ ಮಾತಿಗೆ ಇಟ್ಟ, ಎಲ್ಲಾ ಎಡಿಟರ್‌ಗೆ ಹೋಗ್ಬೇಕು. ಸ್ಕ್ರಿಪ್ಟ್ ಪುಟದ ಮೇಲೆ ಉದ್ದಕ್ಕೆ ಗೆರೆ ಎಳೀತಾರೆ, ಮಾತಾಡೋರು ಫ್ರೇಮಲ್ಲಿದ್ರೆ ನೇರ ಗೆರೆ, ಫ್ರೇಮಿಂದ ಆಚೆ ಇದ್ರೆ ಅಂಕುಡೊಂಕು. ಊರಲ್ಲಿ ಇದನ್ನೆಲ್ಲ ತಲೇಲೇ ಇಟ್ಕೋತಿದ್ವಿ ಅಂದ್ರೆ ಅವಳು ನಂಬ್ಲೇ ಇಲ್ಲ.

ಸೆಟ್ಟಿನ ಶಿಸ್ತು ಮಾತ್ರ ನಿಜವಾಗ್ಲೂ ಮೆಚ್ಚೋ ಥರ. ವಾರಕ್ಕೆ ಐವತ್ತು ಗಂಟೆ ಲೆಕ್ಕ, ಮೇಲೆ ಹೋದ್ರೆ ಓವರ್‌ಟೈಮು, ರಾತ್ರಿ ಶೂಟಿಂಗ್ ಮುಗಿಯೋ ವ್ರ್ಯಾಪ್‌ಗೂ ಮಾರನೇ ದಿನದ ಕಾಲ್‌ಗೂ ಮಧ್ಯೆ ಹತ್ತು ಗಂಟೆ ಬಿಡುವು ಇರ್ಬೇಕು. ಮೊದಲ ದಿನ ಎಲ್ರೂ ನಿಂತು ಈ ನೆಲದ ಮೂಲ ಒಡೆಯರಾದ ಕೂಲಿನ್ ಜನರನ್ನ ನೆನೆದು ಶುರು ಮಾಡಿದ್ರು, ಆಮೇಲೆ ಸೇಫ್ಟಿ ಮಾತು, ಕಿರುಕುಳ ಆದ್ರೆ ಯಾರಿಗೆ ಹೇಳ್ಬೇಕು ಅಂತ ಹೆಸರು ಫೋನ್ ನಂಬರ್ ಸಮೇತ ಹೇಳಿದ್ರು, ಕಾಲ್‌ಶೀಟಲ್ಲೂ ಅದಿರುತ್ತೆ. 2018ರಲ್ಲಿ ಪ್ರೊಡ್ಯೂಸರ್‌ಗಳ ಸಂಘಾನೂ ಯೂನಿಯನ್ನೂ ಸೇರಿ ಇದಕ್ಕೆ ಅಂತ ಒಂದು ಕೋಡ್ ಮಾಡ್ಕೊಂಡಿದಾರೆ. ಡೈರೆಕ್ಟರನ್ನ ಹೆಸರು ಹಿಡಿದು ಕರೀಬೇಕು, ನಂಗೆ ಬಾಯಿಗೆ ಬರೋದು ಸರ್ ಅಂತಾನೇ, ಹಾಗಾಗಿ ಮೊದಲ ವಾರ ಏನೂ ಕರೀದೇ ಎದುರಿಗೆ ಹೋಗಿ ನಿಂತ್ಕೋತಿದ್ದೆ.

ಈಗ ಮುಖ್ಯವಾದ ವಿಷಯಕ್ಕೆ ಬರ್ತೀನಿ. ಆ ಡ್ರಾಮಾದಲ್ಲಿ ಒಂದು ಇಂಡಿಯನ್ ಮನೆ ಇತ್ತು. ಮಗಳು ನರ್ಸು, ಊರಿಂದ ಅಮ್ಮ ಬಂದಿದಾಳೆ. ಅಮ್ಮ ಒಬ್ಳೇ ಟೇಬಲ್ಲಲ್ಲಿ ಅನ್ನ ತಿಂತಿರ್ತಾಳೆ, ಫೋನ್ ಬರುತ್ತೆ, ತಿಂತಾನೇ ಮಾತಾಡ್ತಾಳೆ. ಕ್ಯಾಮೆರಾ ಇರೋ ಕಡೆಯಿಂದ ಮುಖ ಚೆನ್ನಾಗಿ ಕಾಣ್ಲಿ ಅಂತ ಫೋನ್ ಬಲಗೈಲಿರ್ಲಿ ಅಂದ್ರು. ಆಯ್ತಲ್ಲ, ಇನ್ನು ಅನ್ನ ಕಲಸಿ ಬಾಯಿಗಿಡೋದು ಎಡಗೈ. ವೈಡ್ ಶಾಟ್ ಎರಡು ಟೇಕ್ ಆಯ್ತು. ನನ್ನ ಕೆಲಸ ಏನು, ಯಾವ ಕೈಲಿ ಏನಿದೆ ಅಂತ ಬರ್ಕೊಳೋದು. ಎಡಗೈ ಅನ್ನ ಅಂತ ಬರೀತಾ ಬರೀತಾ ಹೊಟ್ಟೆ ತೊಳಸಿದಂಗಾಯ್ತು, ನಮ್ಮಜ್ಜಿ ಇದ್ದಿದ್ರೆ ಟೀವಿಗೇ ಚಪ್ಪಲಿ ಎಸೀತಿದ್ಳು.

ಅಟ್ಯಾಚ್‌ಮೆಂಟಲ್ಲಿರೋರು ನೇರ ಡೈರೆಕ್ಟರ್ ಹತ್ರ ಹೋಗಿ ಇದು ಸರಿಯಿಲ್ಲ ಅನ್ನೋ ಹಾಗಿಲ್ಲ, ಅದು ಎಲ್ಲಾ ಕಡೆಯೂ ಅಷ್ಟೇ. ನನ್ನ ಹೆಡ್ ಕಿವೀಲಿ ಹೇಳಿದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, ಇದು ಸಣ್ಣದಾ ದೊಡ್ಡದಾ ಅಂತಷ್ಟೇ ಕೇಳಿದ್ಳು. ದೊಡ್ಡದು, ಇಂಡಿಯಾದೋರು ಯಾರು ನೋಡಿದ್ರೂ ಮೊದಲು ಅದೇ ಕಾಣೋದು, ಆಮೇಲೆ ಆಕೆ ಫೋನಲ್ಲಿ ಎಷ್ಟು ಅತ್ರೂ ಯಾರ ಕಿವಿಗೂ ಬೀಳಲ್ಲ ಅಂದೆ. ಎದ್ದು ಹೋದ್ಳು. ಫಸ್ಟ್ ಎಡಿ, ಅಂದ್ರೆ ಸೆಟ್ಟಿನ ಟೈಮ್ ನೋಡ್ಕೊಳೋ ಫಸ್ಟ್ ಅಸಿಸ್ಟೆಂಟ್ ಡೈರೆಕ್ಟರ್, ವಾಚ್ ನೋಡ್ಕೊಂಡ, ಕ್ಲೋಸ್‌ಗೆ ಲೈಟ್ ಬದಲಾಯಿಸೋಕೆ ಶುರು ಮಾಡಿದ್ರು, ವೈಡ್ ಮತ್ತೆ ತೆಗೀಬೇಕು ಅಂದ್ರೆ ಎಲ್ಲಾ ಹಿಂದಕ್ಕೆ. ಡೈರೆಕ್ಟರ್ ಸ್ವಲ್ಪ ಹೊತ್ತು ತಲೆ ಕೆರ್ಕೊಂಡು, ಫೋನ್ ಟೇಬಲ್ ಮೇಲೆ ಸ್ಪೀಕರಲ್ಲಿ ಇಡಿ ಅಂದ. ಅಷ್ಟೇ. ಬಲಗೈ ಊಟಕ್ಕೆ ಬಂತು, ಮುಖಾನೂ ಪೂರ್ತಿ ಕಾಣ್ತು, ಮಗಳ ದನಿ ಅಡಿಗೆ ಮನೇಲಿ ಕೇಳೋದ್ರಿಂದ ಸೀನೂ ಚೆನ್ನಾಗಾಯ್ತು. ವೈಡ್ ಮತ್ತೆ ತೆಗೆದ್ರು.

ಇದರಲ್ಲಿ ನಂಗೆ ಎರಡು ವಿಷಯ ತಲೇಲಿ ಉಳೀತು. ಒಂದು, ನನ್ನ ಹೆಡ್ ಆ ಮೊದಲೆರಡು ಟೇಕ್‌ಗಳ ಮುಂದೆ ಬಳಸಬೇಡಿ ಅಂತ ಮಾತ್ರ ಬರೆಸ್ಲಿಲ್ಲ, ಯಾಕೆ ಅಂತಾನೂ ಬರೆಸಿದ್ಳು. ಎಡಿಟರ್ ಎಲ್ಲೋ ಕತ್ತಲೆ ರೂಮಲ್ಲಿ ಕೂತಿರ್ತಾನೆ, ಅವನಿಗೆ ಆಕ್ಟಿಂಗ್ ಚೆನ್ನಾಗಿ ಕಂಡ್ರೆ ಅದನ್ನೇ ತಗೋತಾನೆ, ಕಾರಣ ಗೊತ್ತಿದ್ರೆ ಮಾತ್ರ ಮುಟ್ಟಲ್ಲ ಅಂದ್ಳು. ಇನ್ನೊಂದು, ಊಟದ ಬ್ರೇಕಲ್ಲಿ ಆ ಅಮ್ಮನ ಪಾತ್ರ ಮಾಡಿದೋರು ಹತ್ರ ಬಂದು ಥ್ಯಾಂಕ್ಸ್ ಅಂದ್ರು. ನಂಗೂ ಅನ್ನಿಸ್ತಿತ್ತು ಕಣಮ್ಮ, ಆದ್ರೆ ನಾನು ಬಂದಿರೋದೇ ಇವತ್ತೊಂದು ದಿನಕ್ಕೆ, ಫೋನ್ ಬಲಗೈಲಿ ಅಂದ್ಮೇಲೆ ಏನಂತ ಹೇಳ್ಲಿ, ಅನ್ನೋ ಅರ್ಥದಲ್ಲಿ ಹೇಳಿದ್ರು. ನೋಡಿ, ಗೊತ್ತಿಲ್ಲದೆ ಆಗಿದ್ದಲ್ಲ ಅದು. ಸೆಟ್ಟಲ್ಲಿ ಗೊತ್ತಿದ್ದೋರು ಇದ್ರು, ಕ್ಯಾಮೆರಾ ಮುಂದೇನೇ ಇದ್ರು. ಹೇಳೋ ಜಾಗದಲ್ಲಿ ಇರ್ಲಿಲ್ಲ ಅಷ್ಟೇ. ನನ್ನ ಮಾತು ನಡೆದಿದ್ದು ಕೂಡ ನಾನು ಜಾಣೆ ಅಂತಲ್ಲ, ಮೂವತ್ತು ವರ್ಷದಿಂದ ಎಲ್ರಿಗೂ ಗೊತ್ತಿರೋ ಒಬ್ಬಳು ಹೋಗಿ ಹೇಳಿದ್ಳು ಅಂತ.

ಅದಾದ್ಮೇಲೆ ಶುರುವಾಯ್ತು ನೋಡಿ ತಮಾಷೆ. ಆರ್ಟ್ ಡಿಪಾರ್ಟ್‌ಮೆಂಟ್ ಬಂದು ದೇವರ ಗೂಡು ಶೂ ರ‍್ಯಾಕ್ ಮೇಲೆ ಇಡಬಹುದಾ ಅಂತ, ಕಾಸ್ಟ್ಯೂಮ್‌ನೋರು ಬಂದು ಪಂಜಾಬಿ ಮದುವೇಲಿ ಹುಡುಗಿ ತಮ್ಮ ಏನ್ ಹಾಕ್ಕೋತಾನೆ ಅಂತ, ಬರಹಗಾರರ ಕಡೆಯಿಂದ ಮಲಯಾಳಿ ಕ್ರಿಶ್ಚಿಯನ್ ಅಜ್ಜಿಗೆ ಒಂದು ಹೆಸರು ಬೇಕಿತ್ತು ಅಂತ. ಅಯ್ಯೋ, ನಾನು ಶಿವಮೊಗ್ಗದೋಳು, ಪಂಜಾಬಿ ಮದುವೆ ನಾನೂ ಸಿನಿಮಾದಲ್ಲೇ ನೋಡಿರೋದು. ಮೊದಲು ಖುಷೀನೇ ಆಯ್ತು, ಕೇಳ್ತಿದಾರಲ್ಲ ಅಂತ ರಾತ್ರಿ ಕೂತು ಫ್ರೆಂಡ್ಸ್‌ಗೆಲ್ಲ ಫೋನ್ ಮಾಡಿ ತಿಳ್ಕೊಂಡು ಹೇಳ್ತಿದ್ದೆ, ಆದ್ರೆ ಕಲಿಯೋಕೆ ಅಂತ ಬಂದ ಕೆಲಸ ಹಿಂದೆ ಬೀಳ್ತಾ ಹೋಯ್ತು. ನನ್ನ ಹೆಡ್ಡೇ ಪ್ರೊಡಕ್ಷನ್ ಆಫೀಸಿಗೆ ಹೋಗಿ, ಇವಳು ನನ್ನ ಹತ್ರ ಕಂಟಿನ್ಯುಟಿ ಕಲಿಯೋಕೆ ಬಂದಿರೋದು, ನಿಮಗೆ ಕಲ್ಚರಲ್ ಕನ್ಸಲ್ಟೆಂಟ್ ಬೇಕಿದ್ರೆ ದುಡ್ಡು ಕೊಟ್ಟು ಕರ್ಸಿ ಅಂದ್ಳಂತೆ. ಕರ್ಸಿದ್ರು. ಕನ್ಸಲ್ಟೆಂಟ್ ಬಂದ ದಿನವೇ ಸ್ಕ್ರಿಪ್ಟಲ್ಲಿದ್ದ ಸರ್‌ನೇಮು ಒಂದು ರಾಜ್ಯದ್ದು, ಮಾತು ಇನ್ನೊಂದು ರಾಜ್ಯದ್ದು ಅಂತ ಹಿಡಿದ್ರು. ಅದನ್ನ ಬರೆಯೋ ಹಂತದಲ್ಲೇ ಹಿಡೀಬೇಕಿತ್ತು, ಶೂಟಿಂಗ್ ಅರ್ಧ ಮುಗಿದ್ಮೇಲೆ ಏನ್ ಮಾಡೋಕಾಗುತ್ತೆ. ನನಗೆ ಅನ್ಸೋದು, ಸೆಟ್ಟಲ್ಲಿ ನಮ್ಮಂಥೋರನ್ನ ಎಷ್ಟು ಜನ ಕೂರಿಸಿದ್ರೂ ಕಥೆ ಕೂತು ಕಟ್ಟೋ ರೂಮಲ್ಲಿ, ಯಾವ ಕಥೆಗೆ ದುಡ್ಡು ಅಂತ ತೀರ್ಮಾನ ಮಾಡೋ ರೂಮಲ್ಲಿ ಯಾರೂ ಇಲ್ದಿದ್ರೆ ನಾವು ಎಡಗೈ ಬಲಗೈ ಸರಿ ಮಾಡ್ಕೊಂಡೇ ಇರ್ಬೇಕು.

ಕೊನೇ ವಾರದಲ್ಲಿ ಫೋನಿಗೆ ಸರ್ವೆ ಲಿಂಕ್ ಬಂತು. ಎವ್ರಿಒನ್ ಪ್ರಾಜೆಕ್ಟ್ ಅಂತ, ನಿಮ್ಮ ಹಿನ್ನೆಲೆ, ವಯಸ್ಸು, ಅಂಗವೈಕಲ್ಯ ಇದೆಯಾ ಎಲ್ಲಾ ನೀವೇ ಗುಟ್ಟಾಗಿ ತುಂಬೋದು, ಕಡ್ಡಾಯ ಇಲ್ಲ. ತುಂಬಿದೆ. ಒಳ್ಳೇದೇ ಅದು, ಎಣಿಸದೇ ಹೋದ್ರೆ ಯಾರಿಗೂ ಬಿಸಿ ತಟ್ಟಲ್ಲ. ಆದ್ರೆ ಮುಂದಿನ ವರ್ಷ ನಾನು ಈ ಇಂಡಸ್ಟ್ರೀಲಿ ಇದ್ದೀನಾ ಇಲ್ವಾ ಅಂತ ನಂಗೆ ಫೋನ್ ಮಾಡಿ ಕೇಳೋರು ಯಾರೂ ಇರ್ಲಿಲ್ಲ.

ವ್ರ್ಯಾಪ್ ಪಾರ್ಟಿ ಆಯ್ತು, ಎಲ್ರೂ ತಬ್ಬಿಕೊಂಡು ಮತ್ತೆ ಸಿಗೋಣ ಅಂದ್ರು, ಆಮೇಲೆ ಫೋನ್ ಸುಮ್ಮನಾಯ್ತು. ಇಲ್ಲಿ ಕೆಲಸ ಪೂರ್ತಿ ಬಾಯಿಂದ ಬಾಯಿಗೆ ನಡೆಯೋದು. ಡಿಪಾರ್ಟ್‌ಮೆಂಟ್ ಹೆಡ್‌ಗಳು ತಮಗೆ ಗೊತ್ತಿರೋರನ್ನೇ ಕರೀತಾರೆ, ಅದರಲ್ಲೂ ಕಂಟಿನ್ಯುಟಿ ಅಂದ್ರೆ ಬಹುತೇಕ ಒಂದು ಯೂನಿಟ್‌ಗೆ ಒಬ್ರೇ, ಕೆಳಗೆ ಅಸಿಸ್ಟೆಂಟ್ ಅಂತ ಜಾಗಾನೇ ಇರಲ್ಲ. ಅಟ್ಯಾಚ್‌ಮೆಂಟ್‌ಗೆ ಏಜೆನ್ಸಿ ದುಡ್ಡು ಇರುತ್ತೆ, ಎರಡನೇ ಕೆಲಸಕ್ಕೆ ಪ್ರೊಡಕ್ಷನ್ ತನ್ನ ಜೇಬಿಂದಾನೇ ಕೊಡ್ಬೇಕು, ಹಾಗಾಗಿ ನಿಮಗೆ ಮತ್ತೆ ಬರೋ ಫೋನು ಕೂಡ ಇನ್ನೊಂದು ಅಟ್ಯಾಚ್‌ಮೆಂಟ್ ಇದೆ ಮಾಡ್ತೀರಾ ಅಂತ. ನನ್ನ ಜೊತೆ ಒಂದು ವರ್ಕ್‌ಶಾಪಲ್ಲಿ ಪರಿಚಯ ಆದ ವಿಯೆಟ್ನಾಮಿ ಮೂಲದ ಹುಡುಗಿ ಕ್ಯಾಮೆರಾದಲ್ಲಿ, ಅವಳು ಬರೀ ಅಟ್ಯಾಚ್‌ಮೆಂಟಲ್ಲೇ ವರ್ಷಗಟ್ಟಲೆ ಕಳೆದಿದಾಳೆ. ಪ್ರತಿ ಸಲಾನೂ ಅವಳು ಹೊಸಬಳು. ಪ್ರತಿ ಸಲಾನೂ ಯಾರದೋ ರಿಪೋರ್ಟಲ್ಲಿ ಒಂದು ಟಿಕ್.

ಇದು ಹೀಗೇ ಇರ್ಬೇಕು ಅಂತೇನಿಲ್ಲ ಅನ್ನೋದಕ್ಕೆ ಇದೇ ದೇಶದಲ್ಲಿ ಉದಾಹರಣೆ ಇದೆ. ಇಲ್ಲಿನ ಮೂಲನಿವಾಸಿಗಳಿಗೆ 1993ರಲ್ಲಿ, ಆಗಿನ ಆಸ್ಟ್ರೇಲಿಯನ್ ಫಿಲ್ಮ್ ಕಮಿಷನ್ ಒಳಗೆ, ಬೇರೆಯೇ ಒಂದು ವಿಭಾಗ ಮಾಡಿದ್ರು, ಈಗ ಅದು ಸ್ಕ್ರೀನ್ ಆಸ್ಟ್ರೇಲಿಯಾದ ಫಸ್ಟ್ ನೇಷನ್ಸ್ ವಿಭಾಗ. ಅದರ ಮೊದಲ ಡ್ರಾಮಾ ಯೋಜನೆಯಿಂದ 1996ರಲ್ಲಿ ಆರು ಕಿರುಚಿತ್ರ ಬಂದ್ವು, ಅದರಲ್ಲಿ ಒಂದು ವಾರ್ವಿಕ್ ಥಾರ್ನ್‌ಟನ್ ಅವರದ್ದು. ಅವರ ಮೊದಲ ಫೀಚರ್‌ಗೆ ಕಾನ್ ಚಿತ್ರೋತ್ಸವದಲ್ಲಿ ಕ್ಯಾಮೆರಾ ಡೋರ್, ಅಂದ್ರೆ ಅತ್ಯುತ್ತಮ ಮೊದಲ ಚಿತ್ರದ ಪ್ರಶಸ್ತಿ, ಬಂದಿದ್ದು 2009ರಲ್ಲಿ. ನಡುವೆ ಹದಿಮೂರು ವರ್ಷ ಇದೆ. ಆ ಆರರಲ್ಲಿ ಇನ್ನೊಂದು ಕಿರುಚಿತ್ರ ಮಾಡಿದ್ದ ಸ್ಯಾಲಿ ರೈಲಿ ಆಮೇಲೆ ಅದೇ ವಿಭಾಗಕ್ಕೆ ಮುಖ್ಯಸ್ಥೆ ಆದ್ರು, ಅಲ್ಲಿಂದ ಸರ್ಕಾರಿ ಚಾನೆಲ್ ಎಬಿಸಿಗೆ ಹೋದ್ರು. ಒಂದು ಕಿರುಚಿತ್ರಕ್ಕೆ ದುಡ್ಡು ಕೊಟ್ಟು ಆಲ್ ದಿ ಬೆಸ್ಟ್ ಅಂದಿದ್ರೆ ಇದಾಗ್ತಿರ್ಲಿಲ್ಲ, ಎರಡನೇದಕ್ಕೂ ಮೂರನೇದಕ್ಕೂ ದಾರಿ ಇತ್ತು, ಕೊಡೋ ಕೈಯೂ ಅವರದ್ದೇ ಆಯ್ತು. ನಾವು ವಲಸೆ ಬಂದೋರು, ನಮ್ಮ ಕಥೆ ಅವರದ್ದಕ್ಕೆ ಸಮ ಅಂತ ಹೇಳೋ ಧೈರ್ಯ ನಂಗಿಲ್ಲ, ನೆಲ ಕಳ್ಕೊಂಡೋರು ಅವರು. ಆದ್ರೆ ಸ್ಕೀಮ್ ಬರೆಯೋರು ಅಲ್ಲಿಂದ ಇಷ್ಟನ್ನ ನೋಡಿ ಕಲೀಬಹುದು.

ನನಗೆ ಎರಡನೇ ಕೆಲಸ ಬಂದಿದ್ದು ಹೀಗೆ. ಎಷ್ಟೋ ತಿಂಗಳಾದ್ಮೇಲೆ ನನ್ನ ಹೆಡ್‌ಗೆ ಒಂದೇ ಸಮಯಕ್ಕೆ ಎರಡು ಕಡೆ ಡೇಟ್ ಕ್ಲ್ಯಾಶ್ ಆಯ್ತು, ಒಂದು ಕಡೆಯ ಸೆಕೆಂಡ್ ಯೂನಿಟ್‌ಗೆ, ಅಂದ್ರೆ ಬೇರೆಯಾಗಿ ಶೂಟ್ ಮಾಡೋ ಎರಡನೇ ತಂಡಕ್ಕೆ, ನನ್ನ ಹೆಸರು ಹೇಳಿದ್ಳು, ಜೊತೆಗೆ ಅವಳು ಹೊಸಬಳಲ್ಲ, ಫುಲ್ ರೇಟ್ ಕೊಡಿ ಅಂತ ಮೇಲ್‌ನಲ್ಲೇ ಬರೆದು ನಂಗೂ ಕಾಪಿ ಹಾಕಿದ್ಳು. ಆ ಮೇಲ್ ಇನ್ನೂ ಇಟ್ಕೊಂಡಿದೀನಿ. ಅಲ್ಲಿ ಪರಿಚಯ ಆದ ಫಸ್ಟ್ ಎಡಿ ಒಂದು ಕಡಿಮೆ ಬಜೆಟ್ ಫೀಚರ್‌ಗೆ ಕರೆದ, ಅದು ಪೂರ್ತಿ ನಂದೇ ಕಂಟಿನ್ಯುಟಿ. ನಮ್ಮಮ್ಮಂಗೆ ಫೋನಲ್ಲಿ ಹೇಳಿದ್ರೆ, ಅಂದ್ರೆ ಬೆಂಗಳೂರಲ್ಲಿ ಮಾಡ್ತಿದ್ದದ್ದೇ ಅಲ್ವೇನೇ ಅಂದ್ರು. ಹೂಂ ಕಣಮ್ಮ, ಅದೇ.

ಹೊಸದಾಗಿ ಟ್ರೈ ಮಾಡೋರಿಗೆ ನಾನು ಹೇಳೋದು ಇಷ್ಟು. ಊರಲ್ಲಿ ಮಾಡಿದ ಕೆಲಸದ ಚಾರ್ಟು, ಬ್ರೇಕ್‌ಡೌನು, ಶೆಡ್ಯೂಲು, ಏನಿದ್ರೂ ಎಸೀಬೇಡಿ, ಸೀರಿಯಲ್ ಹೆಸರಿಗಿಂತ ಅದು ಬೇಗ ಅರ್ಥ ಆಗುತ್ತೆ. ಸೇರೋಕೆ ಮುಂಚೆ ನಿಮ್ಮ ಹೆಡ್ ಯಾರು ಅಂತ ಕೇಳಿ, ಪ್ರೊಡಕ್ಷನ್ ಎಷ್ಟು ದೊಡ್ಡದು ಅನ್ನೋದಕ್ಕಿಂತ ಅದು ಮುಖ್ಯ, ಅವರ ಜೊತೆ ಹಿಂದೆ ಇದ್ದ ಅಟ್ಯಾಚ್‌ಮೆಂಟ್‌ಗಳು ಈಗ ಏನ್ ಮಾಡ್ತಿದಾರೆ ಅಂತಾನೂ ಕೇಳಿ, ಬೇಜಾರ್ ಮಾಡ್ಕೊಂಡ್ರೆ ಮಾಡ್ಕೊಳ್ಲಿ. ಕಾಂಟ್ರ್ಯಾಕ್ಟಲ್ಲಿ ಸೂಪರ್, ಅಂದ್ರೆ ನಮ್ಮ ಪಿಎಫ್ ಥರ ಕೆಲಸ ಕೊಟ್ಟೋರು ನಿವೃತ್ತಿಗೆ ಅಂತ ಕಟ್ಟೋ ದುಡ್ಡು, ಸೇರಿಸಿ ಹೇಳ್ತಿದಾರಾ ಬಿಟ್ಟು ಹೇಳ್ತಿದಾರಾ ನೋಡ್ಕೊಳಿ, 2025 ಜುಲೈಯಿಂದ ಅದು ಶೇ 12 ಆಗಿದೆ, ಸಣ್ಣ ಮೊತ್ತ ಅಲ್ಲ. ಯೂನಿಯನ್‌ಗೆ ಫೋನ್ ಮಾಡಿ ರೇಟ್ ಕೇಳ್ಕೊಳಿ. ಕಲ್ಚರ್ ಬಗ್ಗೆ ಪ್ರಶ್ನೆ ಬಂದ್ರೆ ಒಂದೆರಡಕ್ಕೆ ಖುಷಿಯಾಗಿ ಉತ್ತರ ಹೇಳಿ, ಮೂರನೇದಕ್ಕೆ ಇದಕ್ಕೆ ಬಜೆಟ್ ಇದೆಯಾ ಅಂತ ಕೇಳಿ.

ಹೋದ ತಿಂಗಳು ಇನ್ನೊಂದು ಅಟ್ಯಾಚ್‌ಮೆಂಟ್‌ಗೆ ಕರೆ ಬಂದಿತ್ತು. ಬೇಡ ಅಂದೆ, ಆ ಜಾಗಕ್ಕೆ ಕ್ರೇಗೀಬರ್ನಲ್ಲಿರೋ ಒಬ್ಬ ಮೈಸೂರು ಹುಡುಗನ ಹೆಸರು ಕೊಟ್ಟಿದೀನಿ, ಊರಲ್ಲಿ ಎಡಿಟಿಂಗ್ ಮಾಡ್ತಿದ್ದ, ಇಲ್ಲಿ ರಾತ್ರಿ ಪಾಳಿ ವೇರ್‌ಹೌಸು. ಇಂಟರ್‌ವ್ಯೂ ಮುಂದಿನ ವಾರ, ಚಾರ್ಟ್ ತಗೊಂಡು ಹೋಗೋ ಅಂತ ಹೇಳಿದೀನಿ.